ಮರ ಬೆಳೆದ ರೇಸ್ ಟ್ರ್ಯಾಕ್

ನಮ್ಮ ಬಾಹಾ ಟೀಮ್‌ಗೆ ಈಗ ಒಂದು ಸಂಕಟ. ವರ್ಕ್‌ಶಾಪ್ ಹಿಂದಿನ ಕೆಂಪು ಮಣ್ಣಿನ ಜಾಗದಲ್ಲಿ ನಾವು ಗಾಡಿ ಟೆಸ್ಟ್ ಮಾಡ್ತಾ ಇದ್ವಲ್ಲ, ಅಲ್ಲಿಗೆ ಪಾರ್ಕಿಂಗ್ ಬರುತ್ತಂತೆ. ಮುಂದಿನ ಸೆಮಿಸ್ಟರ್ ಹೊತ್ತಿಗೆ ಪೂರ್ತಿ ಕಾಂಕ್ರೀಟ್. ಆ ಬೇಜಾರಲ್ಲಿ ಒಂದು ರಾತ್ರಿ ಹಾಸ್ಟೆಲ್ ರೂಮಲ್ಲಿ ಕೂತು ಮಣ್ಣಿನ ಟ್ರ್ಯಾಕ್‌ಗಳ ಬಗ್ಗೆ ಓದ್ತಾ ಹೋದ್ವಿ. ಹಾಗೆ ಸಿಕ್ಕಿದ್ದು ಅಮೆರಿಕದ ಆಕನೀಚಿ ಸ್ಪೀಡ್‌ವೇ. ನಮ್ಮಲ್ಲಿ ಯಾರೂ ಅಲ್ಲಿಗೆ ಹೋದವರಲ್ಲ. ಆದ್ರೂ ಅದರ ಕಥೆ ತಲೆಯಿಂದ ಹೋಗ್ತಾ ಇಲ್ಲ, ಅದಕ್ಕೇ ಬರೀತಾ ಇದೀವಿ.

ಜಾಗ ಇರೋದು ನಾರ್ತ್ ಕೆರೊಲಿನಾದ ಹಿಲ್ಸ್‌ಬರೋ ಅನ್ನೋ ಸಣ್ಣ ಊರಲ್ಲಿ, ಈನೋ ನದಿಯ ದಂಡೆ ಮೇಲೆ. ಅಲ್ಲಿ ಮೊದಲು ತಂಬಾಕು ವ್ಯಾಪಾರಿ ಜೂಲಿಯನ್ ಕಾರ್ ಅವರ ಜಮೀನು ಇತ್ತು, ಅದರೊಳಗೆ ಕುದುರೆ ಓಡಿಸೋ ಒಂದು ಟ್ರ್ಯಾಕ್ ಇತ್ತು. ನಾಸ್ಕಾರ್ ಕಟ್ಟಿದ ಬಿಲ್ ಫ್ರಾನ್ಸ್ ವಿಮಾನದಲ್ಲಿ ಹೋಗ್ತಾ ಮೇಲಿಂದ ಅದನ್ನ ನೋಡಿದ್ರು ಅಂತಾರೆ. ಕುದುರೆ ಓಡಿದ ಕಡೆ ಕಾರು ಯಾಕೆ ಓಡಬಾರದು? ಸುಮಾರು 0.9 ಮೈಲಿ, ಅಂದ್ರೆ ಒಂದೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಮಣ್ಣಿನ ಅಂಡಾಕಾರ ರೆಡಿಯಾಯ್ತು.

1949 ನಾಸ್ಕಾರ್‌ನ ದೊಡ್ಡ ಸರಣಿಯ ಮೊದಲ ವರ್ಷ. ಒಟ್ಟು 8 ರೇಸ್, ಒಂದೂ ಪೂರ್ತಿ ಡಾಂಬರಿನ ಟ್ರ್ಯಾಕ್ ಮೇಲೆ ನಡೆದಿದ್ದಲ್ಲ. ಮೂರನೆಯದು ಆಗಸ್ಟ್ 7ರಂದು ಆಕನೀಚಿಯಲ್ಲಿ ನಡೀತು, ಗೆದ್ದಿದ್ದು ಬಾಬ್ ಫ್ಲಾಕ್. ಲೂಯಿಸ್ ಸ್ಮಿತ್ ಅನ್ನೋ ಹೆಣ್ಣುಮಗಳು ಕೂಡ ಈ ಟ್ರ್ಯಾಕ್‌ನಲ್ಲಿ ಕಾರು ಓಡಿಸಿದ್ದಾರೆ, ಇಲ್ಲೇ ಭಯಂಕರವಾಗಿ ಪಲ್ಟಿ ಹೊಡೆದಿದ್ದಾರೆ, ಆಮೇಲೂ ರೇಸ್ ಬಿಡಲಿಲ್ಲ. ನಮ್ಮ ಟೀಮ್‌ನಲ್ಲಿ ಹುಡುಗಿಯರಿಗೆ ಬರೀ ರಿಪೋರ್ಟ್ ಬರೆಯೋ ಕೆಲಸ ಕೊಡೋರು ಇದನ್ನ ಎರಡು ಸಲ ಓದಿ.

ಈಗ ಅಸಲಿ ವಿಷಯ. ಮಣ್ಣಲ್ಲಿ ಕಾರು ತಿರುಗೋದೇ ಬೇರೆ ಥರ. ಡಾಂಬರಿನಲ್ಲಿ ಟೈರ್ ಸ್ವಲ್ಪ ಜಾರಿದ್ರೂ ಟೈಮ್ ಹೋಯ್ತು ಅಂತ ಲೆಕ್ಕ. ಮಣ್ಣಲ್ಲಿ ಜಾರಲೇಬೇಕು. ಟೈರ್ ಅಡ್ಡ ಜಾರಿದಾಗ ಮಣ್ಣನ್ನ ನೇಗಿಲಿನ ಥರ ತಳ್ಳುತ್ತೆ. ಆ ಮಣ್ಣು ಟೈರಿನ ಪಕ್ಕಕ್ಕೆ ಗುಡ್ಡೆಯಾಗಿ, ಅದೇ ಗಾಡಿಯನ್ನ ಒಳಕ್ಕೆ ಒತ್ತುತ್ತೆ. ಅದಕ್ಕೇ ಎಡಕ್ಕೆ ತಿರುಗುವ ತಿರುವಿನಲ್ಲಿ ಡ್ರೈವರ್ ಆಕ್ಸಿಲರೇಟರ್ ಒತ್ತಿ ಹಿಂದಿನ ಚಕ್ರ ಜಾರೋಕೆ ಬಿಟ್ಟು, ಸ್ಟಿಯರಿಂಗ್ ಮಾತ್ರ ಬಲಕ್ಕೆ ಹಿಡೀತಾರೆ. ನೋಡೋರಿಗೆ ಹುಚ್ಚಾಟ, ಒಳಗೆ ಪಕ್ಕಾ ಲೆಕ್ಕ. ಇದು ಗೊತ್ತಿಲ್ಲದೆ ನಾವು ಮೊದಲ ದಿನ ಸುಮ್ಮನೆ ಸ್ಟಿಯರಿಂಗ್ ತಿರುಗಿಸಿದ್ವಿ. ಗಾಡಿ ಮಾತು ಕೇಳದೆ ನೆಟ್ಟಗೆ ಹೋಗಿ ಕಾಂಪೋಸ್ಟ್ ಗುಂಡಿಗೆ ಇಳೀತು.

ಇನ್ನೊಂದು ಮಜಾ ಏನಂದ್ರೆ ಟ್ರ್ಯಾಕ್ ಒಂದೇ ಥರ ಇರೋದಿಲ್ಲ. ರೇಸ್‌ಗೆ ಮುಂಚೆ ನೀರು ಹಾಕಿ ಜೇಡಿಮಣ್ಣನ್ನ ಗಟ್ಟಿ ಮಾಡ್ತಾರೆ. ನೀರು ಜಾಸ್ತಿಯಾದ್ರೆ ಕೆಸರು, ಕಡಿಮೆಯಾದ್ರೆ ಧೂಳು, ಮುಂದಿನ ಕಾರೇ ಕಾಣಲ್ಲ. ಸುತ್ತುಗಳು ಆಗ್ತಾ ಆಗ್ತಾ ಸಡಿಲ ಮಣ್ಣೆಲ್ಲ ಹೊರಗಡೆ ಎಸೆದು ಅಲ್ಲೊಂದು ಸಣ್ಣ ಬದು ಕಟ್ಟಿಕೊಳ್ಳುತ್ತೆ. ಒಳಗಿನ ದಾರಿ ಒಣಗಿ, ರಬ್ಬರ್ ಮೆತ್ತಿಕೊಂಡು ಸಗಣಿ ಸಾರಿಸಿದ ಅಂಗಳದ ಥರ ನುಣುಪಾಗುತ್ತೆ. ಧೈರ್ಯ ಇದ್ದೋರು ಹಿಂದಿನ ಚಕ್ರವನ್ನ ಆ ಬದುವಿಗೆ ಆನಿಸಿ ತಿರುಗ್ತಾರೆ. ಬದು ದಾಟಿದ್ರೆ ಮುಗೀತು. ಅಂದ್ರೆ ಹತ್ತನೇ ಸುತ್ತಿನಲ್ಲಿ ಕಲಿತಿದ್ದು ನೂರನೇ ಸುತ್ತಿಗೆ ಪ್ರಯೋಜನಕ್ಕೆ ಬರಲ್ಲ. ಯಾವ ಸಿಮ್ಯುಲೇಶನ್‌ನಲ್ಲಿ ಇದನ್ನ ಹಾಕ್ತೀರಾ ಹೇಳಿ?

1954ರಲ್ಲಿ ಟ್ರ್ಯಾಕ್‌ನ ಹೆಸರು ಆರೆಂಜ್ ಸ್ಪೀಡ್‌ವೇ ಅಂತ ಆಯ್ತು. ಹೆಸರಿನ ಹಿಂದೆ ಹಣ್ಣೂ ಇಲ್ಲ ಬಣ್ಣವೂ ಇಲ್ಲ, ಅಲ್ಲಿನ ಕೌಂಟಿಯ ಹೆಸರೇ ಆರೆಂಜ್. ಲೀ ಪೆಟ್ಟಿ, ಅವರ ಮಗ ರಿಚರ್ಡ್ ಪೆಟ್ಟಿ, ಜೂನಿಯರ್ ಜಾನ್ಸನ್, ಎಲ್ಲ ಇಲ್ಲಿ ಓಡಿಸಿದೋರೇ. ಜಾನ್ಸನ್ ಅಂತೂ ಬೆಟ್ಟದ ದಾರಿಯಲ್ಲಿ ರಾತ್ರಿ ಕಳ್ಳಭಟ್ಟಿ ಸಾಗಿಸಿ ಡ್ರೈವಿಂಗ್ ಕಲಿತೋರು.

ಮುಚ್ಚಿದ್ದು ಯಾಕೆ? ಭಾನುವಾರ ಬೆಳಗಾದ್ರೆ ಸಾಕು, ಊರು ಚರ್ಚಿಗೆ ಹೋಗಬೇಕೋ ರೇಸಿಗೆ ಹೋಗಬೇಕೋ ಅನ್ನೋ ಜಗಳ. ಅಲ್ಲಿನ ಪಾದ್ರಿಗಳು ಭಾನುವಾರದ ರೇಸನ್ನ ಬಲವಾಗಿ ವಿರೋಧಿಸಿದ್ರು. ಆದ್ರೆ ನಮ್ಮ ಪ್ರಕಾರ ಅದೊಂದೇ ಕಾರಣ ಇರಲಾರದು. 1950ರಲ್ಲೇ ಡಾರ್ಲಿಂಗ್ಟನ್‌ನಲ್ಲಿ ದೊಡ್ಡ ಡಾಂಬರು ಟ್ರ್ಯಾಕ್ ಬಂದಿತ್ತು, ಆಮೇಲೆ ಒಂದೊಂದಾಗಿ ಎಲ್ಲ ಕಡೆ ಡಾಂಬರು. ವೇಗ ಜಾಸ್ತಿ, ಧೂಳಿಲ್ಲ, ಜನ ಜಾಸ್ತಿ, ದುಡ್ಡೂ ಜಾಸ್ತಿ. 1968ರ ಸೆಪ್ಟೆಂಬರ್ 15ಕ್ಕೆ ಇಲ್ಲಿ ಕೊನೆಯ ರೇಸ್, ಗೆದ್ದಿದ್ದು ರಿಚರ್ಡ್ ಪೆಟ್ಟಿ. ಮರುವರ್ಷ ಬಿಲ್ ಫ್ರಾನ್ಸ್ ಅಲಬಾಮಾದ ಟಾಲಡೆಗಾದಲ್ಲಿ 2.66 ಮೈಲಿಯ ಭಾರೀ ಟ್ರ್ಯಾಕ್ ತೆರೆದ್ರು. 1970ರಲ್ಲಿ ನಾರ್ತ್ ಕೆರೊಲಿನಾದಲ್ಲೇ, ರಾಲಿ ಊರಿನ ಜಾತ್ರೆ ಮೈದಾನದಲ್ಲಿ ಮಣ್ಣಿನ ಮೇಲೆ ಒಂದು ರೇಸ್ ಆಯ್ತು, ಅದನ್ನೂ ಪೆಟ್ಟಿಯೇ ಗೆದ್ರು. ಅಲ್ಲಿಂದ 2021ರಲ್ಲಿ ಬ್ರಿಸ್ಟಲ್ ಟ್ರ್ಯಾಕ್‌ಗೆ ಲಾರಿಗಟ್ಟಲೆ ಮಣ್ಣು ತಂದು ಸುರಿಯೋ ತನಕ, ಆ ದೊಡ್ಡ ಸರಣಿಯಲ್ಲಿ ಮಣ್ಣೇ ಇರಲಿಲ್ಲ. ಐವತ್ತು ವರ್ಷ!

ಆಕನೀಚಿಗೆ ಮಾತ್ರ ಯಾರೂ ಡಾಂಬರು ಹಾಕಲಿಲ್ಲ, ಕಟ್ಟಡವನ್ನೂ ಎಬ್ಬಿಸಲಿಲ್ಲ. ಸುಮ್ಮನೆ ಬಿಟ್ಟುಬಿಟ್ರು. ಹಾಗೆ ಬಿಟ್ಟಿದ್ದಕ್ಕೇ ಅದು ಉಳೀತು. 1949ರ ಆ ಮೊದಲ ಸರಣಿಯ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಇವತ್ತಿಗೂ ಮಣ್ಣಾಗೇ ಉಳಿದಿರೋದು ಇದೊಂದೇ. 2002ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ಪಟ್ಟಿಗೂ ಸೇರಿತು. ಈಗ ಅದು ವಾಕಿಂಗ್ ದಾರಿ. ಫೋಟೋಗಳಲ್ಲಿ ನೋಡಿದ್ರೆ ಟ್ರ್ಯಾಕ್‌ನ ಎರಡೂ ಕಡೆ ಎತ್ತರದ ಮರಗಳು, ಗುಡ್ಡದ ಇಳಿಜಾರಿನಲ್ಲಿ ಜನ ಕೂರ್ತಿದ್ದ ಕಾಂಕ್ರೀಟ್ ಮೆಟ್ಟಿಲುಗಳು, ಅವುಗಳ ಮಧ್ಯೆನೂ ಮರಗಳು. ರೇಸ್ ಇದ್ದಾಗ ಎಲ್ಲರೂ ಎಡಕ್ಕೇ ತಿರುಗಬೇಕಿತ್ತು. ಈಗ ನಾಯಿ ಹಿಡ್ಕೊಂಡು ಬರೋರು ಯಾವ ಕಡೆಯಿಂದ ಬೇಕಾದ್ರೂ ಸುತ್ತು ಹಾಕಬಹುದು.