ಮಾಡಿನ ಮೇಲಿನ ಬಿಸಿಲಿಗೆ ಗುತ್ತಿಗೆ ಬರೆಯುವ ಮುನ್ನ

ಬಿಸಿಲಿಗೆ ಬೆಲೆ ತೆತ್ತವರು ಯಾರೂ ಇಲ್ಲ. ಶಿವನು ಎಲ್ಲರ ಅಂಗಳಕ್ಕೂ ಸಮನಾಗಿ ಸುರಿಸುವ ಸಂಪತ್ತು ಅದು. ಬೆಲೆಯ ಮಾತು ಹುಟ್ಟುವುದು ಆ ಬಿಸಿಲನ್ನು ಹಿಡಿದು ವಿದ್ಯುತ್ತಾಗಿ ಮಾರ್ಪಡಿಸುವ ಫಲಕದ ವಿಷಯದಲ್ಲಿ. ಇತ್ತೀಚಿನ ದಿನಗಳಲ್ಲಿ ನಮ್ಮ ಸಮಾಜದ ಅನೇಕ ಕುಟುಂಬಗಳ ಹಿರಿಯರು ಒಂದೇ ಪ್ರಶ್ನೆಯನ್ನು ನಮ್ಮ ಮುಂದೆ ಇಡುತ್ತಿದ್ದಾರೆ: “ಮನೆಯ ಮೇಲೆ ಸೋಲಾರ್ ಹಾಕಿಸಲು ಕೈಯಿಂದ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ, ತಿಂಗಳಿಗೆ ಇಷ್ಟೆಂದು ಬಾಡಿಗೆ ಕೊಟ್ಟರೆ ಸಾಕು ಎನ್ನುತ್ತಾರೆ. ಒಪ್ಪಬಹುದೆ?” ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನಲ್ಲಿ ಮುಗಿಯುವ ಪ್ರಶ್ನೆ ಇದಲ್ಲ. ಇಪ್ಪತ್ತು ವರ್ಷ ಮನೆತನವನ್ನು ಕಟ್ಟಿಹಾಕುವ ಬರವಣಿಗೆಯ ಪ್ರಶ್ನೆಯಾದುದರಿಂದ ಸ್ವಲ್ಪ ವಿಸ್ತಾರವಾಗಿಯೇ ವಿಚಾರಿಸೋಣ.

ವಿಚಾರಕ್ಕೆ ಒಂದು ನೆಲೆ ಬೇಕು. ಶಿರಸಿ ಸೀಮೆಯ ಮತ್ತಿಘಟ್ಟವನ್ನೇ ತೆಗೆದುಕೊಳ್ಳೋಣ. ಹೆಸರಿನಲ್ಲಿಯೇ ಮತ್ತಿಯ ಮರವನ್ನೂ ಘಟ್ಟವನ್ನೂ ಹೊತ್ತ ಊರು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಇಂತಹ ಊರುಗಳಲ್ಲಿ ಮನೆಗಳು ಬೀದಿಯಲ್ಲಿ ಸಾಲಾಗಿ ನಿಂತಿರುವುದಿಲ್ಲ. ಅಡಿಕೆ ತೋಟದ ಅಂಚಿನಲ್ಲಿ, ಕಣಿವೆಯ ಮಡಿಲಲ್ಲಿ ಒಂದಕ್ಕೊಂದು ದೂರವಾಗಿ ನಿಂತಿರುತ್ತವೆ. ವಿದ್ಯುತ್ತಿನ ತಂತಿ ಕಾಡನ್ನು ದಾಟಿಯೇ ಬರಬೇಕು. ಮಳೆಗಾಲದಲ್ಲಿ ಗಾಳಿಗೆ ಒಂದು ಮರ ಉರುಳಿತೆಂದರೆ ಊರಿಗೆ ಊರೇ ಕತ್ತಲೆಯಲ್ಲಿ ಮುಳುಗುತ್ತದೆ. ವಿಚಿತ್ರವೆಂದರೆ ಈ ಸೀಮೆ ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆ. ಸಿದ್ದಾಪುರದ ಗಡಿಯಲ್ಲಿರುವ ಜೋಗದ ನೀರು 1948ರಿಂದ ವಿದ್ಯುತ್ತನ್ನು ಹುಟ್ಟಿಸುತ್ತಿದೆ; ಕಾಳಿ ನದಿಗೆ ಅಣೆಕಟ್ಟುಗಳಾದವು; 2000ದಲ್ಲಿ ಕೈಗಾ ಅಣುಸ್ಥಾವರ ನಡೆಯತೊಡಗಿತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಸೋಲಾರ್ ದೀಪ ನಮ್ಮ ಕಡೆಗೆ ಹೊಸದೇನೂ ಅಲ್ಲ. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೋ ಸಂಸ್ಥೆಯನ್ನು ಕಟ್ಟಿ, ಬಡವರಿಗೆ ಸೋಲಾರ್ ಎಟುಕದು ಎಂಬ ಮಾತನ್ನು ಸುಳ್ಳು ಮಾಡಲು ಹೊರಟರು. ಅವರು ಹಿಡಿದ ದಾರಿ ಬ್ಯಾಂಕಿನ ಸಾಲದ್ದು. ಮನೆಯವರ ಆದಾಯ ಯಾವ ಕಾಲಕ್ಕೆ ಕೈಸೇರುತ್ತದೆಯೋ ಆ ಕಾಲಕ್ಕೆ ಕಂತು ಬರುವಂತೆ ಸಾಲವನ್ನು ಹೊಂದಿಸುವುದು ಆ ದಾರಿಯ ಗುಟ್ಟು. 2003ರಿಂದ ಕೆಲವು ವರ್ಷ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಇಂತಹ ಸಾಲದ ಬಡ್ಡಿಯನ್ನು ಇಳಿಸಿದುದರಿಂದ ಸಾವಿರಾರು ಮನೆಗಳಲ್ಲಿ ದೀಪ ಹೊತ್ತಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಾಲ ತೀರಿದ ದಿನ ಫಲಕವೂ ಬ್ಯಾಟರಿಯೂ ಮನೆಯವರ ಸ್ವತ್ತಾದವು. ಗುತ್ತಿಗೆಯಲ್ಲಿ ಹಾಗಾಗುವುದೆಂಬ ಭರವಸೆಯಿಲ್ಲ. ಬರವಣಿಗೆಯಲ್ಲಿ ಇದ್ದರೆ ಮಾತ್ರ ಉಂಟು.

ಈಗ ಮನೆಬಾಗಿಲಿಗೆ ಬರುತ್ತಿರುವ ಸೋಲಾರ್ ಆ ಹಳೆಯ ದೀಪದ ಜಾತಿಯದಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪಿ.ಎಂ. ಸೂರ್ಯ ಘರ್ ಯೋಜನೆಯನ್ನು ಸಾರಿತು. 1 ಕೋಟಿ ಮನೆಗಳ ಮೇಲೆ ಫಲಕ ಕೂಡಿಸುವುದು ಅದರ ಗುರಿ. ಸಹಾಯಧನ 1 ಕಿಲೋವಾಟಿಗೆ 30,000 ರೂಪಾಯಿ, 2 ಕಿಲೋವಾಟಿಗೆ 60,000, 3 ಅಥವಾ ಹೆಚ್ಚಿನದಕ್ಕೆ 78,000. ಈ ಫಲಕಗಳ ವಿದ್ಯುತ್ತು ನೇರವಾಗಿ ಹೆಸ್ಕಾಂ ತಂತಿಯೊಡನೆ ಕೂಡಿಕೊಳ್ಳುತ್ತದೆ. ಮನೆಗೆ ಬೇಕಾದಷ್ಟು ಬಳಸಿ ಉಳಿದುದನ್ನು ತಂತಿಗೆ ಬಿಟ್ಟರೆ ಮೀಟರು ಕೊಟ್ಟುದನ್ನೂ ಕೊಂಡುದನ್ನೂ ಬರೆದಿಡುತ್ತದೆ. ಸ್ವಂತ ಹಣದಿಂದಲೋ ಬ್ಯಾಂಕಿನ ಸಾಲದಿಂದಲೋ ಹಾಕಿಸುವುದು ಒಂದು ಮಾರ್ಗ. ಬೇರೊಬ್ಬರು ಬಂಡವಾಳ ಹೂಡಿ ನಮ್ಮ ಮಾಡಿನ ಮೇಲೆ ಫಲಕ ಕೂಡಿಸಿ, ನಮ್ಮಿಂದ ತಿಂಗಳ ಬಾಡಿಗೆಯನ್ನೋ ಯುನಿಟ್ಟಿನ ದರವನ್ನೋ ಪಡೆಯುವುದು ಇನ್ನೊಂದು. ಈ ಎರಡನೆಯದನ್ನೇ ಗುತ್ತಿಗೆ ಎನ್ನುತ್ತೇವೆ.

ಹೀಗಿರಲು ಮೊದಲು ಕೇಳಿಕೊಳ್ಳಬೇಕಾದುದು, ನಮಗೆ ಬೇಕಾಗಿರುವುದು ಬೆಳಕೋ ಬಿಲ್ಲಿನ ಉಳಿತಾಯವೋ ಎಂಬುದು. ಇವೆರಡೂ ಒಂದೇ ಎಂದು ಬಹಳ ಮಂದಿ ಭಾವಿಸಿದ್ದಾರೆ. ಒಂದು ಮನೆಯಲ್ಲಿ ಮಾರಾಟಗಾರ ಯುವಕನೊಬ್ಬ ಅರ್ಧ ಗಂಟೆ ವಿವರಿಸಿದ ಮೇಲೆ, ಒಳಗೆ ಅಡಿಕೆ ಸುಲಿಯುತ್ತ ಕುಳಿತಿದ್ದ ಮುದುಕಿ ತಾಯಿ ಒಂದೇ ಮಾತು ಕೇಳಿದರು: “ತಮ್ಮಾ, ಕರೆಂಟು ಹೋದ ರಾತ್ರಿ ಇದು ಉರಿತೈತೇನು?” ಆತ ಪ್ರಾಮಾಣಿಕನಾಗಿದ್ದುದರಿಂದ “ಇಲ್ಲರೀ ಅಮ್ಮಾ” ಎಂದ. ನಿಜವೂ ಅದೇ. ತಂತಿಗೆ ಕೂಡಿಸಿದ ಸಾಮಾನ್ಯ ಸೋಲಾರ್, ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ನನ ಜೀವ ಉಳಿಯಲೆಂದು ಹಾಗೆ ನಿಯಮಿಸಿದ್ದಾರೆ. ಬ್ಯಾಟರಿ ಕೂಡಿಸದ ಹೊರತು ಹಗಲಿನಲ್ಲಿಯೂ ಅದು ಕತ್ತಲೆಯ ಮನೆಗೆ ಉಪಯೋಗವಿಲ್ಲ. ಮಳೆಗಾಲದ ಕತ್ತಲೆಗೆ ಹೆದರಿ ಸೋಲಾರ್ ಬಯಸುವ ಮನೆಯವರು ಇದನ್ನು ತಿಳಿಯದೆ ಸಹಿ ಮಾಡಿದರೆ ಬಯಸಿದುದು ಒಂದು, ಬಂದುದು ಇನ್ನೊಂದು ಎಂಬಂತಾಗುತ್ತದೆ.

ಎರಡನೆಯದು ಬಿಲ್ಲಿನ ಲೆಕ್ಕ. ನಮ್ಮ ರಾಜ್ಯದಲ್ಲಿ 2023ರ ಜುಲೈ ತಿಂಗಳ ಬಳಕೆಯಿಂದ ಗೃಹಜ್ಯೋತಿ ಜಾರಿಗೆ ಬಂದಿದೆ. ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾದ ಮಿತಿಯೊಳಗೆ, ಹೆಚ್ಚೆಂದರೆ 200 ಯುನಿಟ್ಟಿನವರೆಗೆ, ಬಿಲ್ಲು ಬರುವುದಿಲ್ಲ. 200 ದಾಟಿದರೆ ಪೂರ್ಣ ಬಿಲ್ಲನ್ನು ಕಟ್ಟಬೇಕು. ನಾಲ್ಕೈದು ದೀಪ, ಒಂದೆರಡು ಫ್ಯಾನು, ಮಿಕ್ಸರು, ಟೀವಿ ಇರುವ ಹಳ್ಳಿಯ ಮನೆ ಸಾಮಾನ್ಯವಾಗಿ ಈ ಮಿತಿಯೊಳಗೇ ಉಳಿಯುತ್ತದೆ. ಅಂತಹ ಮನೆಯವರು ಗುತ್ತಿಗೆಯ ಸೋಲಾರಿಗೆ ತಿಂಗಳಿಗೆ 1,500 ರೂಪಾಯಿ ಕೊಡತೊಡಗಿದರೆ ಉಳಿತಾಯವಾಗುವುದು ಯಾವ ಬಿಲ್ಲಿನಲ್ಲಿ? ಇಲ್ಲದ ಬಿಲ್ಲನ್ನು ಇಳಿಸಲು ಇರುವ ಹಣವನ್ನು ಕೊಟ್ಟಂತಾಗುತ್ತದೆ. ಕಳೆದ 12 ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಮನೆಯ ಓದಿದ ಮಕ್ಕಳಿಂದ ಈ ಲೆಕ್ಕ ಹಾಕಿಸಿರಿ. ಸೋಲಾರ್ ಬಂದ ಮೇಲೆ ಗೃಹಜ್ಯೋತಿಯ ಸೌಲಭ್ಯ ಹೇಗೆ ಅನ್ವಯಿಸುತ್ತದೆಂಬುದನ್ನು ಹೆಸ್ಕಾಂ ಕಚೇರಿಯಿಂದ ಬರವಣಿಗೆಯಲ್ಲಿಯೇ ಕೇಳಿ ಪಡೆಯಿರಿ.

ಮೂರನೆಯದು ವರ್ಷದಿಂದ ವರ್ಷಕ್ಕೆ ಏರುವ ಬಾಡಿಗೆ. ಮೊದಲ ವರ್ಷ ತಿಂಗಳಿಗೆ 2,000 ರೂಪಾಯಿ, ಪ್ರತಿ ವರ್ಷ ಶೇಕಡ 3ರ ಏರಿಕೆ, ಅವಧಿ 20 ವರ್ಷ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಶೇಕಡ 3 ಎಂದರೆ ಕಿವಿಗೆ ಅಲ್ಪವೆನಿಸುತ್ತದೆ. ಆದರೆ ಕೊನೆಯ ವರ್ಷದ ತಿಂಗಳ ಬಾಡಿಗೆ ಸುಮಾರು 3,500 ರೂಪಾಯಿಗೆ ಮುಟ್ಟುತ್ತದೆ. 20 ವರ್ಷದಲ್ಲಿ ಕೊಟ್ಟ ಒಟ್ಟು ಹಣ ಸುಮಾರು 6 ಲಕ್ಷ 45 ಸಾವಿರ. ಇತ್ತ ಫಲಕದ ಶಕ್ತಿ ವರ್ಷ ಕಳೆದಂತೆ ಸ್ವಲ್ಪಸ್ವಲ್ಪವಾಗಿ ಕುಂದುತ್ತದೆ. 3 ಕಿಲೋವಾಟಿನ ಫಲಕವನ್ನು ಕೊಳ್ಳಲು 2024ರಲ್ಲಿ ಸರ್ಕಾರ ಲೆಕ್ಕ ಹಿಡಿದ ವೆಚ್ಚ 1 ಲಕ್ಷ 45 ಸಾವಿರ. ಪೇಟೆಯ ಬೆಲೆ ಇದಕ್ಕಿಂತ ಹೆಚ್ಚಿದ್ದರೂ 78,000 ರೂಪಾಯಿಯ ಸಹಾಯಧನ ಕಳೆದು, ಬ್ಯಾಂಕಿನ ಬಡ್ಡಿ ಕೂಡಿಸಿ ನೋಡಿದರೆ ವ್ಯತ್ಯಾಸ ಎಷ್ಟೆಂಬುದು ಯಾರಿಗಾದರೂ ತಿಳಿಯುತ್ತದೆ. ಗುತ್ತಿಗೆಯಲ್ಲಿ ಆ ಸಹಾಯಧನದ ಲಾಭ ಯಾರಿಗೆ ಸೇರುತ್ತದೆ ಎಂಬುದನ್ನೂ ಕೇಳಲೇಬೇಕು.

ಗುತ್ತಿಗೆ, ಗೇಣಿ ಎಂಬ ಮಾತುಗಳು ಈ ಸೀಮೆಯವರಿಗೆ ಅಪರಿಚಿತವಲ್ಲ. ತೋಟದ ಫಸಲನ್ನು ಗುತ್ತಿಗೆ ಕೊಡುವುದನ್ನು ಎಲ್ಲರೂ ಬಲ್ಲರು. ಗೇಣಿಯ ಕಷ್ಟವೇನೆಂಬುದನ್ನು 1974ರ ಭೂಸುಧಾರಣೆಗೆ ಮುಂಚಿನ ತಲೆಮಾರು ಉಂಡು ತಿಳಿದಿದೆ. ಆ ಗುತ್ತಿಗೆಗಳಲ್ಲಿ ನೆಲದ ಒಡೆಯನಿಗೆ ಹಣ ಬರುತ್ತಿತ್ತು. ಈ ಹೊಸ ಗುತ್ತಿಗೆಯಲ್ಲಿ ಮಾಡಿನ ಒಡೆಯನೇ ಹಣ ಕೊಡುವವನು. ಇದು ಅನ್ಯಾಯವೆಂದು ನಾವು ಹೇಳುತ್ತಿಲ್ಲ. ಬಂಡವಾಳ ಹೂಡಿದವರಿಗೆ ಪ್ರತಿಫಲ ಸಲ್ಲತಕ್ಕದ್ದೇ. ಆದರೆ ಇಪ್ಪತ್ತು ವರ್ಷದಲ್ಲಿ ಮನೆಯಲ್ಲಿ ಏನೇನು ನಡೆಯಬಹುದು ಎಂಬುದನ್ನು ಹಿರಿಯರು ನೆನೆಯಬೇಕು. ಅಣ್ಣತಮ್ಮಂದಿರ ಪಾಲಾಗಬಹುದು. ಹೆಂಚಿನ ಮಾಡು ಕಳಚಿ ಆರ್‌ಸಿಸಿ ಹಾಕಿಸಬೇಕಾಗಬಹುದು. ಮಕ್ಕಳು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಮನೆ ಬೀಗ ಬೀಳಬಹುದು. ಬೀಗ ಬಿದ್ದ ಮನೆಯ ಮೇಲಿನ ಫಲಕಕ್ಕೂ ಬಾಡಿಗೆ ತಪ್ಪುವುದಿಲ್ಲ.

ಪರದೇಶದ ಅನುಭವವೂ ನಮಗೆ ಪಾಠವಾಗಬೇಕು. ಅಮೆರಿಕದಲ್ಲಿ ಇಂತಹ ಗುತ್ತಿಗೆ ಬಹಳ ವರ್ಷಗಳಿಂದ ಬಳಕೆಯಲ್ಲಿದೆ. ಕೈಯಿಂದ ಹಣ ಹಾಕದೆ ಸೋಲಾರ್ ಪಡೆದು ಸಂತೋಷಪಟ್ಟವರೂ ಅಲ್ಲಿದ್ದಾರೆ. ಮನೆ ಮಾರಲು ಹೊರಟಾಗ ಕೊಳ್ಳುವವನು ಗುತ್ತಿಗೆಯ ಹೊರೆಯನ್ನು ಒಪ್ಪದೆ ತೊಡಕಿಗೆ ಸಿಕ್ಕಿದವರೂ ಇದ್ದಾರೆ. 2024ರ ಆಗಸ್ಟಿನಲ್ಲಿ ಸನ್‌ಪವರ್, 2025ರ ಜೂನಿನಲ್ಲಿ ಸನ್ನೋವಾ ಎಂಬ ದೊಡ್ಡ ಕಂಪನಿಗಳೇ ದಿವಾಳಿಯ ಅರ್ಜಿ ಹಾಕಿದವು. ಗುತ್ತಿಗೆಯ ಆಯುಷ್ಯ 20 ವರ್ಷವಿದ್ದರೂ ಗುತ್ತಿಗೆ ಕೊಟ್ಟವರ ಆಯುಷ್ಯ ಅಷ್ಟಿರಲೇಬೇಕೆಂದಿಲ್ಲ. ಅವರು ಮುಳುಗಿದರೆ ಕೆಟ್ಟ ಇನ್ವರ್ಟರನ್ನು ಸರಿಪಡಿಸುವವರು ಯಾರು?

ಇನ್ನು ಸ್ಥಳದ ವಿಚಾರ. ಬಯಲುಸೀಮೆಯಲ್ಲಿ ನೆಟ್ಟಗಾದ ಲೆಕ್ಕ ಮಲೆನಾಡಿನಲ್ಲಿ ಸೊಟ್ಟಗಾಗುತ್ತದೆ. 1 ಕಿಲೋವಾಟಿನ ಫಲಕ ದಿನಕ್ಕೆ ಸರಾಸರಿ 4 ಯುನಿಟ್ ಕೊಡುತ್ತದೆಂಬುದು ನಿರಾತಂಕ ಬಿಸಿಲಿನ ಸ್ಥೂಲ ಲೆಕ್ಕ. ತೋಟದ ಕಣಿವೆಯಲ್ಲಿ ಬೆಳಗಿನ ಬಿಸಿಲು ತಡವಾಗಿ ಇಳಿಯುತ್ತದೆ, ಸಂಜೆಯ ಬಿಸಿಲು ಬೇಗ ಏರಿ ಹೋಗುತ್ತದೆ. ಅಡಿಕೆ, ತೆಂಗು, ಹಲಸಿನ ನೆರಳು ಒಂದು ಫಲಕದ ಮೇಲೆ ಬಿದ್ದರೂ ಅದರೊಡನೆ ಸಾಲಾಗಿ ಪೋಣಿಸಿದ ಉಳಿದ ಫಲಕಗಳ ಕೆಲಸವೂ ಕುಂದುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮೋಡ. ಹಳೆಯ ಹೆಂಚಿನ ಮಾಡಿನ ಪಕಾಸು ಭಾರವನ್ನೂ ಗಾಳಿಯನ್ನೂ ತಾಳೀತೆ ಎಂದು ಬಡಗಿಯನ್ನು ಕೇಳಬೇಕು. ನೆರಳಾಯಿತೆಂದು ಅಜ್ಜ ನೆಟ್ಟ ಮರಕ್ಕೆ ಕೊಡಲಿ ಹಾಕಿಸುವ ಗುತ್ತಿಗೆ ನಮಗೆ ಬೇಡ.

ಹಾಗಾದರೆ ದಾರಿ ಯಾವುದು? ಬೆಳಕೇ ಬೇಕೆನ್ನುವ ಮನೆಗೆ ಚಿಕ್ಕ ಲೆಕ್ಕ ಸಾಕು. 5 ವಾಟಿನ ನಾಲ್ಕು ಎಲ್‌ಇಡಿ ದೀಪಗಳು ನಾಲ್ಕು ಗಂಟೆ ಉರಿದರೆ ತಗಲುವುದು ಒಂದು ಯುನಿಟ್ಟಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟಕ್ಕೆ ಒಂದು ಸಣ್ಣ ಫಲಕ, ಮೋಡದ ದಿನಗಳಲ್ಲಿ ಕರೆಂಟಿನಿಂದಲೂ ತುಂಬಿಕೊಳ್ಳುವ ಒಂದು ಬ್ಯಾಟರಿ ಸಾಲದೆ? ಇದನ್ನು ಸ್ವಂತಕ್ಕೆ ಕೊಳ್ಳಿರಿ; ಅಗತ್ಯವಿದ್ದರೆ ಸಾಲ ಮಾಡಿ, ಅಡಿಕೆ ಮಾರಿದ ತಿಂಗಳಿಗೆ ಕಂತು ಹೊಂದಿಸಿಕೊಳ್ಳಿರಿ. ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾಗುತ್ತದೆಂಬುದನ್ನು ಮಾತ್ರ ಮರೆಯಬಾರದು. ವರ್ಷವಿಡೀ ಬಿಲ್ಲು 200 ಯುನಿಟ್ ದಾಟುವ, ನೆರಳಿಲ್ಲದ ಗಟ್ಟಿ ತಾರಸಿಯುಳ್ಳ ದೊಡ್ಡ ಮನೆಗಳಿಗೆ, ಅತಿಥಿಗಳನ್ನು ಇರಿಸಿಕೊಳ್ಳುವ ಮನೆಗಳಿಗೆ ತಂತಿಗೆ ಕೂಡುವ ಸೋಲಾರ್ ನಿಜವಾಗಿಯೂ ಲಾಭದಾಯಕ. ಅವರಲ್ಲಿ ಸಾಲ ಸಿಗದವರಿಗೆ, ಅವಧಿ ಚಿಕ್ಕದಾಗಿದ್ದು ಕೊನೆಯಲ್ಲಿ ಫಲಕ ಮನೆಯವರದೇ ಆಗುವ ಗುತ್ತಿಗೆಯಾದರೆ, ಅದೂ ಒಪ್ಪತಕ್ಕ ಮಾರ್ಗವೇ.

ಒಬ್ಬೊಬ್ಬರೇ ಚೌಕಾಸಿ ಮಾಡುವುದಕ್ಕಿಂತ ಹತ್ತು ಮನೆ ಕೂಡಿ ಕೇಳಿದರೆ ಬೆಲೆಯೂ ಇಳಿಯುತ್ತದೆ, ದುರಸ್ತಿಗೆ ಬರುವವನೂ ಬೇಗ ಬರುತ್ತಾನೆ. 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಶಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿ ತೋರಿಸಿದ ದಾರಿ ಇದು. ಶಿರಸಿಯ ತೋಟಗಾರರು 1923ರಲ್ಲಿ ಮಾರಾಟ ಸೊಸೈಟಿಯನ್ನು ಸ್ಥಾಪಿಸಿದುದೂ ಇದೇ ತಿಳಿವಳಿಕೆಯಿಂದ.

ಯಾವ ಮಾರ್ಗ ಹಿಡಿದರೂ ಕರಾರು ಕನ್ನಡದಲ್ಲಿರಲಿ. ಬಾಡಿಗೆ ಎಷ್ಟು, ಏರಿಕೆ ಎಷ್ಟು, ವರ್ಷಕ್ಕೆ ಇಷ್ಟು ಯುನಿಟ್ ಬರುತ್ತದೆಂಬ ಖಾತರಿ ಇದೆಯೆ, ಬಾರದಿದ್ದರೆ ಬಾಡಿಗೆ ಕಡಿಮೆಯಾಗುತ್ತದೆಯೆ, ಮಾಡು ಸೋರಿದರೆ, ಮಂಗ ಹಾರಿ ಫಲಕ ಒಡೆದರೆ ಹೊಣೆ ಯಾರದು, ಮಧ್ಯದಲ್ಲಿ ಬಿಡಲು ದಂಡವೆಷ್ಟು, ಮನೆ ಪಾಲಾದರೆ ಏನು, ಕೊನೆಗೆ ಫಲಕ ಯಾರದು ಎಂಬ ಇಷ್ಟು ಪ್ರಶ್ನೆಗಳಿಗೆ ಉತ್ತರ ಆ ಕಾಗದದೊಳಗೇ ಇರಬೇಕು. ಮನೆಯ ಹಕ್ಕುದಾರರೆಲ್ಲರೂ, ಹೆಣ್ಣುಮಕ್ಕಳೂ ಸೇರಿದಂತೆ, ಒಟ್ಟಿಗೆ ಕುಳಿತು ಅದನ್ನು ಓದಿಸಿ ಕೇಳಲಿ. ಪರಿಚಯದ ವಕೀಲರಿಗೆ ಒಮ್ಮೆ ತೋರಿಸಲಿ. ಕಾಯಕದಿಂದ ಬಂದ ಹಣ ಬೆವರಿನ ಹಣ. ಅದನ್ನು ಇಪ್ಪತ್ತು ವರ್ಷಗಳ ಬರವಣಿಗೆಗೆ ಒಪ್ಪಿಸುವ ಮುನ್ನ ಒಂದು ವಾರ ಕಾಯುವುದರಿಂದ ಏನೂ ಕೆಡದು. ಇವತ್ತೇ ಸಹಿ ಹಾಕಿರಿ, ನಾಳೆ ಈ ದರ ಸಿಗದು ಎಂದು ಯಾರಾದರೂ ಅವಸರಪಡಿಸಿದರೆ, ಅವರಿಗೆ ಕುಡಿಯಲು ನೀರು ಕೊಟ್ಟು, ವಿನಯದಿಂದಲೇ ಬೀಳ್ಕೊಡಿರಿ.