ಗಡಿಯಲ್ಲಿ ಯೋಧ, ಊರಿನಲ್ಲಿ ಹೊಲ

ಕೃಷಿಕ ಕುಟುಂಬದಿಂದ ಸೇನೆಗೆ ಸೇರಿದ ಯುವಕನಿಗೆ ಎರಡು ಹೊಣೆಗಳು. ಒಂದು ದೇಶದ ಗಡಿ, ಇನ್ನೊಂದು ತನ್ನ ಹೊಲದ ಬದು. ಮೊದಲನೆಯದನ್ನು ಅವನು ಎದುರಿಗೇ ನಿಂತು ಕಾಯುತ್ತಾನೆ. ಎರಡನೆಯದನ್ನು ಬಹುದೂರದಿಂದ ನೋಡಿಕೊಳ್ಳಬೇಕಾಗುತ್ತದೆ. ಭೂಮಿಯ ಹದ, ಕಾಲುವೆಯ ನೀರು, ಸಾಲದ ಕಂತು ಇವು ಯಾವುವೂ ಅವನ ರಜೆಗಾಗಿ ಕಾಯುವುದಿಲ್ಲ.

ಯುದ್ಧಗಳೂ ಕೃಷಿಯ ಕಾಲವನ್ನು ನೋಡಿ ಬರುವುದಿಲ್ಲ. 1965ರ ಯುದ್ಧ ನಡೆದದ್ದು ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ. ನಮ್ಮ ಭಾಗದಲ್ಲಿ ಅದು ಕಳೆ ತೆಗೆಯುವ, ಎಡೆಕುಂಟೆ ಹೊಡೆಯುವ ಸಮಯ. 1971ರ ಡಿಸೆಂಬರ್ 3ರಿಂದ 16ರವರೆಗಿನ ಯುದ್ಧ ಕಂಪ್ಲಿಯ ಗದ್ದೆಗಳಲ್ಲಿ ಭತ್ತದ ಕೊಯ್ಲಿನ ಕಾಲಕ್ಕೆ ಬಂತು. 1999ರ ಮೇ ತಿಂಗಳಿನಿಂದ ಜುಲೈ 26ರವರೆಗೆ ಕಾರ್ಗಿಲ್ ಶಿಖರಗಳಲ್ಲಿ ಹೋರಾಟ ನಡೆಯುತ್ತಿದ್ದಾಗ ಸಂಡೂರಿನ ಮಳೆಯಾಶ್ರಿತ ಹೊಲಗಳಲ್ಲಿ ಮುಂಗಾರು ಬಿತ್ತನೆಯ ದಿನಗಳು. ಇಂತಹ ಸಂದರ್ಭಗಳಲ್ಲೆಲ್ಲ ಯೋಧನ ಪರವಾಗಿ ಮನೆಯವರೇ ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ.

ವಿಜಯನಗರದ ಸಾಕ್ಷ್ಯ

ಸೈನಿಕನಿಗೂ ಭೂಮಿಗೂ ಇರುವ ನಂಟು ಹಂಪಿಯಷ್ಟೇ ಹಳೆಯದು. ವಿಜಯನಗರದ ಅರಸರು ನಾಯಕರಿಗೆ ಭೂಮಿಯನ್ನು ವಹಿಸಿಕೊಟ್ಟು, ಅದರ ಹುಟ್ಟುವಳಿಯಿಂದಲೇ ಸೈನ್ಯವನ್ನು ಸಾಕುವಂತೆ ವ್ಯವಸ್ಥೆ ಮಾಡಿದ್ದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಮೇಲೆ ದಂಡೆತ್ತಿ ಹೋದಾಗ ಕತ್ತಿಯಷ್ಟೇ ನೇಗಿಲೂ ಆ ಯುದ್ಧದ ಬೆನ್ನಿಗಿತ್ತು. ಆ ಕಾಲದ ವೃತ್ತಾಂತವನ್ನು ಬರೆದಿಟ್ಟ ಪೋರ್ಚುಗೀಸ್ ವರ್ತಕ ನೂನಿಜ್, ಈಗಿನ ಹೊಸಪೇಟೆಯ ಬಳಿ ಕೆರೆ ಕಟ್ಟಿಸಲು ಗೋವೆಯಿಂದ ಜೊವಾವೊ ದೆ ಲಾ ಪೊಂತೆ ಎಂಬ ಕುಶಲಿಯನ್ನು ಕರೆಸಿಕೊಂಡದ್ದನ್ನೂ, ಆ ನೀರಿನಿಂದ ಸಾಗುವಳಿ ಮಾಡುವವರಿಗೆ ಮೊದಲ ಒಂಬತ್ತು ವರ್ಷ ಕಂದಾಯ ಬಿಟ್ಟುಕೊಟ್ಟದ್ದನ್ನೂ ದಾಖಲಿಸಿದ್ದಾನೆ. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿಯೂ ಕನ್ನಡ ನಾಡಿನಲ್ಲಿತ್ತು. ಶಾಸನಗಳು ಅದನ್ನು 'ನೆತ್ತರುಗೊಡಗೆ' ಎಂದು ಕರೆಯುತ್ತವೆ.

ಫ್ರಾನ್ಸಿನಿಂದ ಬಂದ ಪತ್ರಗಳು

ದೂರದಿಂದ ಒಕ್ಕಲುತನ ನಡೆಸಿದವರ ಮಾತುಗಳು ಹೇರಳವಾಗಿ ಉಳಿದುಬಂದಿರುವುದು ಮೊದಲನೆಯ ಮಹಾಯುದ್ಧದಿಂದ. 1914ರಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಯೋಧರ ಪತ್ರಗಳನ್ನು ಸೇನೆಯ ಪರಿಶೀಲಕರು ಓದಿ, ಅನೇಕ ಭಾಗಗಳನ್ನು ಭಾಷಾಂತರಿಸಿ ಇಟ್ಟರು. ಅವು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬರೆದವರಲ್ಲಿ ಹೆಚ್ಚಿನವರು ಪಂಜಾಬ್ ಮತ್ತು ಉತ್ತರ ಭಾರತದ ರೈತರ ಮಕ್ಕಳು. ಕಂದಕದಲ್ಲಿ ಕುಳಿತೇ ಅವರು ಮಳೆ ಬೆಳೆಗಳನ್ನು ವಿಚಾರಿಸಿದರು, ಸಾಲ ತೀರಿಸುವ, ಅಡವಿಟ್ಟ ಭೂಮಿಯನ್ನು ಬಿಡಿಸಿಕೊಳ್ಳುವ ಮಾತಾಡಿದರು. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರೂ ಫ್ರೆಂಚ್ ಹೆಂಗಸರು ಹೊಲಮನೆಗಳನ್ನು ಸಮರ್ಥವಾಗಿ ನಡೆಸುವುದನ್ನು ಕಂಡು ಬೆರಗಾಗಿ, ತಮ್ಮ ಮನೆಯ ಹೆಣ್ಣುಮಕ್ಕಳಿಗೂ ಓದು ಕಲಿಸಿರೆಂದು ಬರೆದವರಿದ್ದಾರೆ. ಓದು ಬಾರದ ಹೆಂಡತಿಗೆ ಬರೆದ ಪತ್ರವನ್ನು ಬೇರೆಯವರು ಓದಬೇಕು. ಓದಿದವನಿಗೆ ಹೊಲದ ಗುಟ್ಟೆಲ್ಲ ತಿಳಿಯುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಕೊಡಗಿನ ಮಾದರಿ

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆಗೆ ಹಳೆಯ ಉತ್ತರವೊಂದು ಕೊಡಗಿನಲ್ಲಿದೆ. ಅಲ್ಲಿನ ಜಮ್ಮಾ ಭೂಮಿಯನ್ನು ಸೈನಿಕ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಕೊಡಲಾಗುತ್ತಿತ್ತು. ಅದರ ಕಂದಾಯವೂ ಸಾಗು ಭೂಮಿಯ ಅರ್ಧದಷ್ಟೇ. ಭೂಮಿ ಒಬ್ಬನದಲ್ಲ, ಇಡೀ ಒಕ್ಕದ್ದು. ಪಟ್ಟೆದಾರನು ಅದರ ಆಡಳಿತ ನೋಡಿಕೊಳ್ಳುತ್ತಿದ್ದನು. ಆದುದರಿಂದ ಮಗನೊಬ್ಬ ದಂಡಿಗೆ ಹೋದರೂ ಗದ್ದೆ ಬೀಳಾಗುತ್ತಿರಲಿಲ್ಲ, ಅವನ ಬೆನ್ನ ಹಿಂದೆ ಮಾರಾಟವಾಗುವ ಭಯವೂ ಅಷ್ಟಾಗಿ ಇರಲಿಲ್ಲ.

ಕಾನೂನಿನ ಆಸರೆ

ಕೂಡುಕುಟುಂಬಗಳು ಒಡೆದಿರುವ ಇಂದು ಆ ಆಸರೆಯನ್ನು ಕಾನೂನಿನಲ್ಲಿ ಹುಡುಕಬೇಕಾಗಿದೆ. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯೊಂದಿಗೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ರಾಜ್ಯದಲ್ಲಿ ಗೇಣಿ ಪದ್ಧತಿಯನ್ನು ನಿಷೇಧಿಸಿತು. ಆದರೆ ಸೇವೆಯಲ್ಲಿರುವ ಯೋಧನಿಗೂ ನಾವಿಕನಿಗೂ ವಿನಾಯಿತಿಯಿದೆ. ಅವರು ಜಮೀನನ್ನು ಗೇಣಿಗೆ ಕೊಡಬಹುದು. ಸೇವೆ ಮುಗಿಸಿ ಬಂದು ನಿಯಮದಂತೆ ನೋಟಿಸು ನೀಡಿ ಸ್ವಂತ ಸಾಗುವಳಿಗೆ ಹಿಂದಕ್ಕೆ ಪಡೆಯಬಹುದು. ಬಾಯಿಮಾತಿನಲ್ಲಿ ಕೋರಿಗೆ ಹಾಕುವುದಕ್ಕಿಂತ ಕಾಗದದ ಮೇಲೆ ಬರೆದುಕೊಡುವುದು ಲೇಸು. ಯುದ್ಧರಂಗದಲ್ಲಿರುವ ಯೋಧನ ಮೇಲೆ ಯಾರಾದರೂ ದಾವೆ ಹೂಡಿದರೆ, ಅವನ ಪರವಾಗಿ ಹಾಜರಾಗುವವರಿಲ್ಲದ ಪಕ್ಷದಲ್ಲಿ ವಿಚಾರಣೆಯನ್ನು ತಡೆಹಿಡಿಯಲು 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆಯಲ್ಲಿ ಅವಕಾಶವಿದೆ.

ಕ್ರೈಸ್ತ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಮನೆಯವರಿಗೆ ಕೊಟ್ಟ ಅಧಿಕಾರ ಪತ್ರ, ಅಂದರೆ ಜಿ.ಪಿ.ಎ., ಕೊಟ್ಟವನು ತೀರಿಕೊಂಡ ಕ್ಷಣಕ್ಕೆ ಮುಗಿಯುತ್ತದೆ. ಆ ಬಳಿಕ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ಮಡಿದವನ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ಹೆಂಡತಿಗೆ, ಮೂರನೆಯ ಎರಡು ಪಾಲು ಮಕ್ಕಳಿಗೆ. ಗಂಡು ಹೆಣ್ಣೆಂಬ ಭೇದವಿಲ್ಲ. ಆದರೆ ಮಕ್ಕಳಿದ್ದರೆ ತಂದೆತಾಯಿಗಳಿಗೆ ಪಾಲೇ ಇಲ್ಲ! ಮಗನ ಹೊಲವನ್ನು ವರ್ಷಗಟ್ಟಲೆ ಕಾದ ಮುದಿ ತಾಯಿ ಬರಿಗೈಯಲ್ಲಿ ಉಳಿಯಬಹುದು. ಇದನ್ನು ತಪ್ಪಿಸಲು ಉಯಿಲು ಒಂದೇ ದಾರಿ. ಯುದ್ಧದಲ್ಲಿ ನಿರತನಾದ ಯೋಧನಿಗೆ ಅದೇ ಕಾಯ್ದೆಯ 65 ಮತ್ತು 66ನೆಯ ಕಲಮುಗಳು ರಿಯಾಯಿತಿ ನೀಡುತ್ತವೆ: ಅವನು ಸ್ವಹಸ್ತದಿಂದ ಬರೆದ ಉಯಿಲಿಗೆ ಸಾಕ್ಷಿಗಳು ಬೇಕಿಲ್ಲ, ಇಬ್ಬರು ಸಾಕ್ಷಿಗಳ ಎದುರು ಬಾಯಿಮಾತಿನಲ್ಲಿಯೂ ಉಯಿಲು ಮಾಡಬಹುದು. ಆದರೂ ಶಾಂತಿಕಾಲದಲ್ಲೇ, ರಜೆಯಲ್ಲಿ ಬಂದಾಗ, ಕ್ರಮಬದ್ಧವಾಗಿ ಬರೆದಿಡುವುದು ವಿವೇಕ.

ನಮ್ಮ ಕರ್ತವ್ಯ

'56 ಎ.ಪಿ.ಒ.' ಎಂಬ ವಿಳಾಸಕ್ಕೆ ಪತ್ರ ಬರೆದು, ಉತ್ತರಕ್ಕಾಗಿ ವಾರಗಟ್ಟಲೆ ಕಾಯುವ ಕಾಲ ಕಳೆಯಿತು. 2000ದಲ್ಲಿ ಆರಂಭವಾದ ಭೂಮಿ ಯೋಜನೆಯಿಂದಾಗಿ ಪಹಣಿ ಕಂಪ್ಯೂಟರಿಗೆ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದ ಸುದ್ದಿ ದೇಶದ ಮೂಲೆ ಮೂಲೆಗೂ ಕೂಡಲೇ ಮುಟ್ಟಿತು. ಸುದ್ದಿ ತಿಳಿಯುವುದು ಸುಲಭವಾಗಿದೆ. ಆದರೆ ನೀರು ಕಟ್ಟಲು, ನಾಟಿಗೆ ಆಳು ಹೊಂದಿಸಲು ಫೋನಿನಿಂದ ಸಾಧ್ಯವಿಲ್ಲ.

ಹೊಸ ಮನೆ ಕಟ್ಟಿದವನನ್ನು, ದ್ರಾಕ್ಷಾತೋಟ ನೆಟ್ಟು ಇನ್ನೂ ಫಲ ಉಣ್ಣದವನನ್ನು ಯುದ್ಧಕ್ಕೆ ಕರೆದೊಯ್ಯದೆ ಮನೆಗೆ ಕಳುಹಿಸಬೇಕೆಂದು ಧರ್ಮೋಪದೇಶಕಾಂಡದ 20ನೆಯ ಅಧ್ಯಾಯ ವಿಧಿಸುತ್ತದೆ. ಇಂದಿನ ಸೇನೆಯಲ್ಲಿ ಅಂತಹ ವಿನಾಯಿತಿ ಇಲ್ಲ. ಆದರೆ ತೋಟ ನೆಟ್ಟವನಿಗೆ ಅದರ ಫಲ ದೊರೆಯಬೇಕೆಂಬ ಆ ಕಾಳಜಿಯನ್ನು ನೆರೆಹೊರೆಯವರು ಉಳಿಸಿಕೊಳ್ಳಬಹುದು. ನಮ್ಮ ಧರ್ಮಕೇಂದ್ರದಲ್ಲಿ ಯೋಧರ ಮನೆಗಳಿದ್ದರೆ, ಯೋಧರಿಗಾಗಿ ಪ್ರಾರ್ಥಿಸುವುದರ ಜೊತೆಗೆ ಬಿತ್ತನೆಯ ವಾರದಲ್ಲಿ ಒಂದು ದಿನ ಅವರ ಹೊಲಕ್ಕೂ ಹೋಗೋಣ. ಯೋಧನ ಮಡದಿ ತಾಲ್ಲೂಕು ಕಚೇರಿಯ ಮೆಟ್ಟಿಲು ಒಬ್ಬಳೇ ಹತ್ತದಂತೆ ನೋಡಿಕೊಳ್ಳೋಣ.