ಅಮೆರಿಕಕ್ಕೆ ಹೊರಟ ಲಗ್ನಪತ್ರಿಕೆ

ಮಧುಗಿರಿ ಅಂಚೆ ಕಚೇರಿಯಲ್ಲಿ ಮೊನ್ನೆ ನನ್ನ ಮುಂದೆ ನಿಂತಿದ್ದ ಅಜ್ಜಿಯ ಕೈಯಲ್ಲಿ ಒಂದು ಲಗ್ನಪತ್ರಿಕೆ ಇತ್ತು. ನಾಲ್ಕು ಮೂಲೆಗೂ ಅರಿಶಿನ. ಹೋಗಬೇಕಾದದ್ದು ಅಮೆರಿಕದಲ್ಲಿರುವ ತಂಗಿಯ ಮಗನಿಗೆ. ವಾಟ್ಸ್‌ಆ್ಯಪಿನಲ್ಲಿ ಆಗಲೇ ಕಳಿಸಿದ್ದಾರಂತೆ. "ಅದು ಸುದ್ದಿ ಕಣಪ್ಪ, ಕರೆಯೋದು ಇದರಲ್ಲೇ" ಎಂದರು.

ಕೌಂಟರಿನವರು ಲಕೋಟೆಯನ್ನು ತೂಕಕ್ಕಿಟ್ಟರು. 23 ಗ್ರಾಂ.

"ಒಳಗೆ ಇನ್ನೇನಿಟ್ಟಿದ್ದೀರಮ್ಮ?"

"ಒಂದು ಚಿಟಿಕೆ ಅಕ್ಷತೆ."

ವಿದೇಶಕ್ಕೆ ಹೋಗುವ ಕಾಗದಕ್ಕೆ ಮೊದಲ ಮೆಟ್ಟಿಲು 20 ಗ್ರಾಂ. ಒಂದು ಗ್ರಾಂ ಮೀರಿದರೂ ಮುಂದಿನ ಮೆಟ್ಟಿಲಿನ ದುಡ್ಡು ಕೊಡಬೇಕು. ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಹದಿನಾರು ಎ4 ಹಾಳೆ ಜೋಡಿಸಿಟ್ಟರೆ ಒಂದು ಚದರ ಮೀಟರ್. ಜೆರಾಕ್ಸ್ ಅಂಗಡಿಯ ಹಾಳೆ 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ. ಹದಿನಾರರಿಂದ ಭಾಗಿಸಿದರೆ ಒಂದು ಹಾಳೆ ಸರಿಯಾಗಿ 5 ಗ್ರಾಂ. ಸಾಧಾರಣ ಲಕೋಟೆಯೂ ಹೆಚ್ಚುಕಡಿಮೆ ಅಷ್ಟೇ. ಮೂರು ಹಾಳೆ ಬರೆದು ಲಕೋಟೆಗೆ ಹಾಕಿದರೆ 20 ಗ್ರಾಂ ಅಂಚಿಗೆ ಬಂದು ನಿಲ್ಲುತ್ತದೆ. ಅಂಚೆ ಇಲಾಖೆಯ ಜಾಲತಾಣದಲ್ಲಿ ದರ ನೋಡಬಹುದು, ನಿಜ. ಆದರೆ ಅಲ್ಲೂ ತೂಕ ಹೇಳಬೇಕಾದವರು ನಾವೇ. ಹಾಗಾಗಿ ನನಗೆ ಈ ಹಾಳೆ ಲೆಕ್ಕದ ಮೇಲೇ ಪ್ರೀತಿ.

ಈ ಇಪ್ಪತ್ತರ ಹಿಂದೆ ದೊಡ್ಡ ಚರಿತ್ರೆಯಿದೆ. 1874ರ ಅಕ್ಟೋಬರ್ 9ರಂದು ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ 22 ದೇಶಗಳು ಸಹಿ ಹಾಕಿ ಅಂಚೆ ಒಕ್ಕೂಟ ಕಟ್ಟಿದವು. 1876ರಲ್ಲಿ ಭಾರತವೂ ಸೇರಿತು. ಆಗ ತೂಕದ ಮೆಟ್ಟಿಲು 15 ಗ್ರಾಂ. 1906ರ ರೋಮ್ ಸಮ್ಮೇಳನ ಅದನ್ನು 20ಕ್ಕೆ ಏರಿಸಿತು. ಒಕ್ಕೂಟಕ್ಕೂ ಮುಂಚೆ ಕಾಗದ ಹಾದುಹೋಗುವ ದೇಶದೇಶದ ಒಪ್ಪಂದ ನೋಡಿ ದರ ಕಟ್ಟಬೇಕಿತ್ತು. ಆಮೇಲೆ ಕಳಿಸುವವನು ತನ್ನೂರಲ್ಲಿ ಒಮ್ಮೆ ಸ್ಟಾಂಪು ಹಚ್ಚಿದರೆ ಮುಗಿಯಿತು. 1971ರವರೆಗೂ ಬಟವಾಡೆ ಮಾಡಿಕೊಟ್ಟ ದೇಶ ಅದಕ್ಕಾಗಿ ಕಾಸು ಕೇಳುತ್ತಿರಲಿಲ್ಲ. ಹೋದ ಕಾಗದಕ್ಕೆ ಮರುತ್ತರ ಬಂದೇ ಬರುತ್ತದೆ, ಆಗ ಲೆಕ್ಕ ಸಮವಾಗುತ್ತದೆ ಎಂಬ ನಂಬಿಕೆ! ಇಷ್ಟು ಸಜ್ಜನಿಕೆಯ ಸರ್ಕಾರಿ ಕರಾರನ್ನು ನಾನು ಬೇರೆಲ್ಲೂ ಓದಿಲ್ಲ.

ಅಕ್ಷತೆಯ ತೊಡಕು ತೂಕದ್ದಷ್ಟೇ ಅಲ್ಲ. ಕಾಗದವಲ್ಲದ್ದು ಒಳಗಿದ್ದರೆ ಅದು ಸಾಮಾನು. ಸಿಎನ್ 22 ಎಂಬ ಕಸ್ಟಮ್ಸ್ ಚೀಟಿ ತುಂಬಿ ಅಂಟಿಸಬೇಕು. ತುಂಬಿದರೂ ಅಮೆರಿಕ ಒಪ್ಪುವುದಿಲ್ಲ. ಖಾಪ್ರಾ ಎಂಬ ಧಾನ್ಯದ ಹುಳುವಿರುವ ದೇಶಗಳಿಂದ ಮನೆಬಳಕೆಯ ಅಕ್ಕಿ ಬರಕೂಡದೆಂದು 2011ರಲ್ಲೇ ಅದು ತಡೆ ಹಾಕಿದೆ. ಆ ಪಟ್ಟಿಯಲ್ಲಿ ಭಾರತವೂ ಉಂಟು. ಈ ಹುಳುವಿನ ಮರಿ ತಿನ್ನಲು ಏನೂ ಸಿಗದಿದ್ದರೂ ಗೋಡೆಯ, ಚೀಲದ ಸಂದಿಯಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. ಔಷಧಿಗೂ ಸುಲಭಕ್ಕೆ ಸಾಯುವುದಿಲ್ಲ. ಹಾಗಾಗಿ ಅವರ ಭಯ ಸುಳ್ಳಲ್ಲ. ಅರಿಶಿನ ಕಲಸಿದ್ದರೂ ಅಕ್ಷತೆ ಅಕ್ಕಿಯೇ.

"ಅರಿಶಿನ ಹಚ್ಚಿದ್ದೀರಲ್ಲಮ್ಮ, ಸಾಕು. ಅಕ್ಷತೆ ಇಲ್ಲೇ ಇರಲಿ" ಎಂದರು ಕೌಂಟರಿನವರು. ಅಜ್ಜಿ ಪೊಟ್ಟಣ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. 21 ಗ್ರಾಂ. ಪತ್ರಿಕೆಯ ಬಣ್ಣದ ಒಳಕವರನ್ನೂ ತೆಗೆಸಿದ ಮೇಲೆ 18ಕ್ಕೆ ಇಳಿಯಿತು.

ವಿಳಾಸ ಬರೆಯುವಾಗ ದೇಶದ ಹೆಸರು ಕೊನೆಯ ಸಾಲಿನಲ್ಲಿ, ಇಂಗ್ಲಿಷಿನ ದೊಡ್ಡಕ್ಷರದಲ್ಲಿರಬೇಕು. ಕಳಿಸುವವರ ವಿಳಾಸದಲ್ಲಿ ನಮ್ಮ ಪಿನ್ ಕೋಡೂ ಸರಿಯಿರಬೇಕು. ಮಧುಗಿರಿ 572132, ಸಿರಾ 572137, ಕೊರಟಗೆರೆ 572129. ಜಿಲ್ಲೆ ಒಂದೇ ಎಂದು ಪಾವಗಡಕ್ಕೂ 572 ಹಾಕುವವರಿದ್ದಾರೆ. ಮಧುಗಿರಿಯಿಂದ ಹೊರಟ ಬಸ್ಸು ನಡುವೆ ಆಂಧ್ರದ ನೆಲ ದಾಟಿ ಸೇರುವ ಆ ಊರಿಗೆ ಪಿನ್ ಕೋಡೂ ಬೇರೆಯೇ: 561202.